ಹುಳಿ ಚೆರ್ರಿ ರಸ: ಪಾನೀಯ ಹೌದು, ಔಷಧಿಯಲ್ಲ

ಚೆರ್ರಿ ಎಂದೊಡನೆ ನಮಗೆ ನೆನಪಾಗುವುದು ಬೇಕರಿಯ ಕೇಕಿನ ಮೇಲಿರುವ ಕೆಂಪು ಹಣ್ಣು. ಹೆಚ್ಚಿನ ಕಡೆ ಅದು ಸಕ್ಕರೆ ಪಾಕದಲ್ಲಿ ನೆನೆಸಿ ಬಣ್ಣ ಹಾಕಿದ ಕರಂಡೆ ಕಾಯಿ. ವಿದೇಶದಲ್ಲಿರುವ ನಮ್ಮವರು ಮನೆಗೆ ತರುವ 'ಟಾರ್ಟ್ ಚೆರ್ರಿ' ರಸವೇ ಬೇರೆ. ಇದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹೇರಳವಾಗಿ ಬೆಳೆಯುವ ಹುಳಿ ಚೆರ್ರಿಯದ್ದು. "ಇದನ್ನು ಕುಡಿದರೆ ಗಂಟುನೋವಿನ ಮಾತ್ರೆ ಬೇಡ" ಎಂಬ ಮಾತೂ ಬಾಟಲಿಯ ಜೊತೆಗೇ ಬರುವುದುಂಟು. ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಗೌಟ್: ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಅದರ ಹರಳುಗಳು ಗಂಟುಗಳಲ್ಲಿ ಸೇರಿದಾಗ ಬರುವ ನೋವು ಇದು. ಅಮೆರಿಕದಲ್ಲಿ 633 ಗೌಟ್ ರೋಗಿಗಳನ್ನು ಗಮನಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ದಿನ ಚೆರ್ರಿ ಸೇವಿಸಿದವರಿಗೆ ನೋವು ಮರುಕಳಿಸುವ ಸಂಭವ ಶೇ. 35ರಷ್ಟು ಕಡಿಮೆ ಕಂಡುಬಂತು. ಆದರೆ ಇದು ರೋಗಿಗಳೇ ನೀಡಿದ ಮಾಹಿತಿ. ಚೆರ್ರಿಯೊಂದಿಗೆ ಅಲೋಪ್ಯುರಿನಾಲ್ ಮಾತ್ರೆಯನ್ನೂ ತೆಗೆದುಕೊಂಡವರಲ್ಲಿ ಸಂಭವ ಇನ್ನೂ ಕಡಿಮೆಯಿತ್ತು ಎಂಬುದನ್ನು ಮರೆಯಬಾರದು. ನಂತರ ನ್ಯೂಜಿಲೆಂಡಿನಲ್ಲಿ 50 ರೋಗಿಗಳಿಗೆ 28 ದಿನ ಚೆರ್ರಿ ಸಾರವನ್ನು ಕೊಟ್ಟು ನೋಡಿದಾಗ ಯೂರಿಕ್ ಆಸಿಡ್ ಇಳಿಯಲಿಲ್ಲ.

ನಿದ್ರೆ ಮತ್ತು ಸ್ನಾಯು ನೋವು: ಈ ಹಣ್ಣಿನಲ್ಲಿ ನಿದ್ರೆಗೆ ನೆರವಾಗುವ ಮೆಲಟೋನಿನ್ ಅಲ್ಪ ಪ್ರಮಾಣದಲ್ಲಿದೆ. 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ನಿದ್ರೆಯ ಅವಧಿ ಸ್ವಲ್ಪ ಹೆಚ್ಚಿತು. 2010ರ ಇನ್ನೊಂದರಲ್ಲಿ, ರಸ ಕುಡಿದ ಮ್ಯಾರಥಾನ್ ಓಟಗಾರರ ಸ್ನಾಯುಬಲ ಬೇಗ ಮರಳಿತು. ಆದರೆ ಎರಡರಲ್ಲಿಯೂ ಇದ್ದವರು ತಲಾ 20 ಮಂದಿ ಮಾತ್ರ.

2005ರಲ್ಲಿಯೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಚೆರ್ರಿ ಉತ್ಪನ್ನಗಳಿಂದ ರೋಗ ಗುಣವಾಗುತ್ತದೆ ಎಂದು ಪ್ರಚಾರ ಮಾಡುತ್ತಿದ್ದ 29 ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಕಳುಹಿಸಿತ್ತು.

ಗಮನಿಸಬೇಕಾದ ಅಂಶಗಳು: ಸಕ್ಕರೆ ಬೆರೆಸದ ರಸದಲ್ಲಿಯೂ ಒಂದು ಲೋಟಕ್ಕೆ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ಆದ್ದರಿಂದ ಡಯಾಬಿಟಿಸ್ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಇದರಲ್ಲಿರುವ ಸೋರ್ಬಿಟಾಲ್‌ನಿಂದ ಕೆಲವರಿಗೆ ಹೊಟ್ಟೆ ಸಡಿಲವಾಗಬಹುದು. ನಮ್ಮ ಪುನರ್ಪುಳಿಯೂ ಕೆಂಪು, ಅದೂ ಹುಳಿ. ಆದರೆ ಈ ಪ್ರಯೋಗಗಳು ಅದರ ಮೇಲೆ ನಡೆದವುಗಳಲ್ಲ.

ರುಚಿಗಾಗಿ ಅರ್ಧ ಲೋಟ ಕುಡಿಯಲು ಅಡ್ಡಿಯಿಲ್ಲ. ಆದರೆ ಮನೆಯ ಹಿರಿಯರು ಈ ಬಾಟಲಿಯನ್ನು ನಂಬಿ ಯೂರಿಕ್ ಆಸಿಡ್ ಮಾತ್ರೆ ಬಿಟ್ಟರೆ ನೋವು ಮತ್ತೆ ಕಾಣಿಸಿಕೊಳ್ಳಬಹುದು, ಕಾಲಕ್ರಮೇಣ ಗಂಟುಗಳೇ ಹಾಳಾಗಬಹುದು. ಪ್ರೀತಿಯಿಂದ ತಂದ ಉಡುಗೊರೆ ಹಾಗಾಗದಿರಲಿ. ರಸ ಕೊಡುವಾಗ, ಮಾತ್ರೆ ತೆಗೆದುಕೊಂಡಿರಾ ಎಂದು ಒಂದು ಮಾತು ಕೇಳೋಣ.