ತಲೆನೋವಿಗೆ ಮುನ್ನವೇ ರಕ್ತಪರೀಕ್ಷೆ

ಮಣ್ಣಿನಲ್ಲಿಯೂ ಪಾರಿವಾಳದ ಹಿಕ್ಕೆಯಲ್ಲಿಯೂ ಕ್ರಿಪ್ಟೊಕಾಕಸ್ ಎಂಬ, ಕಣ್ಣಿಗೆ ಕಾಣದ ಶಿಲೀಂಧ್ರವಿರುತ್ತದೆ. ಇದು ಯೀಸ್ಟ್ ವರ್ಗಕ್ಕೆ ಸೇರಿದುದು. ಧೂಳಿನೊಡನೆ ಉಸಿರಿನ ಮೂಲಕ ಶ್ವಾಸಕೋಶವನ್ನು ಸೇರುವ ಇದನ್ನು ಆರೋಗ್ಯವಂತರ ದೇಹವು ಸಾಮಾನ್ಯವಾಗಿ ಅಡಗಿಸಿಬಿಡುತ್ತದೆ. ಆದರೆ ಎಚ್.ಐ.ವಿ. ಸೋಂಕಿನಿಂದ ರೋಗನಿರೋಧಕ ಶಕ್ತಿಯು ಬಹಳ ಕುಗ್ಗಿದವರಲ್ಲಿ ಇದು ರಕ್ತದ ಮೂಲಕ ಮಿದುಳಿನ ಪೊರೆಯನ್ನು ತಲುಪಿ ಪ್ರಾಣಾಪಾಯವನ್ನುಂಟುಮಾಡಬಲ್ಲದು.

ತಲೆನೋವು ಆರಂಭವಾಗುವುದಕ್ಕೆ ಕೆಲವು ವಾರಗಳ ಮೊದಲೇ ಈ ಶಿಲೀಂಧ್ರದ ಅಂಶವನ್ನು ರಕ್ತದಲ್ಲಿ ಗುರುತಿಸಬಹುದು. ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ರೋಗನಿರೋಧಕವಾದ ಸಿ.ಡಿ.೪ ಕಣಗಳು ೧೦೦ಕ್ಕಿಂತ ಕಡಮೆಯಿರುವ ವಯಸ್ಕರಿಗೆ, ಎಚ್.ಐ.ವಿ.ಯನ್ನು ಹತೋಟಿಯಲ್ಲಿಡುವ ಎ.ಆರ್.ಟಿ. ಚಿಕಿತ್ಸೆಗೆ ಮುನ್ನ ಈ ಪರೀಕ್ಷೆಯನ್ನು ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಸೂಚಿಸಿತು. ಪರೀಕ್ಷೆಯಿಲ್ಲದೆ ಚಿಕಿತ್ಸೆ ಆರಂಭಿಸಿದರೆ ಅಡಗಿರುವ ರೋಗವು ಉಲ್ಬಣಿಸಬಹುದು. ಅಂಶವು ಕಂಡುಬಂದು, ಮಿದುಳಿನ ಪೊರೆಗೆ ರೋಗ ತಗುಲಿಲ್ಲವೆಂದು ವೈದ್ಯರು ದೃಢಪಡಿಸಿಕೊಂಡಲ್ಲಿ, ಫ್ಲುಕೊನಜೋಲ್ ಮಾತ್ರೆಗಳಿಂದ ರೋಗವನ್ನು ತಡೆಗಟ್ಟಬಹುದು. ಮಾತ್ರೆ ಸೇವಿಸಬೇಕಾದ ಸ್ತ್ರೀಯು ಗರ್ಭಿಣಿಯಾಗಿದ್ದರೆ ಆ ವಿಷಯವನ್ನು ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.

ಈ ಶಿಲೀಂಧ್ರವು ಒಟ್ಟಿಗೆ ಉಣ್ಣುವುದರಿಂದಾಗಲಿ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದಾಗಲಿ ಪತಿಯಿಂದ ಪತ್ನಿಗೆ ಅಂಟುವುದಿಲ್ಲ. ಎಚ್.ಐ.ವಿ.ಯಾದರೋ ಲೈಂಗಿಕ ಸಂಪರ್ಕದಿಂದ ಹರಡುವುದು. ಆದುದರಿಂದ ಒಬ್ಬರಿಗೆ ಸೋಂಕಿದ್ದಲ್ಲಿ ಇನ್ನೊಬ್ಬರೂ ಎಚ್.ಐ.ವಿ. ಪರೀಕ್ಷೆ ಮಾಡಿಸಿಕೊಳ್ಳಬೇಕು.

ಸೋಂಕುಳ್ಳವರಿಗೆ ಬಿಡದ ತಲೆನೋವು, ಜ್ವರ, ವಾಂತಿ, ಕತ್ತು ಸೆಟೆಯುವುದು, ದೃಷ್ಟಿ ಮಂಜಾಗುವುದು ಅಥವಾ ಬುದ್ಧಿಭ್ರಮೆ ಕಂಡುಬಂದರೆ, ನೋವಿನ ಮಾತ್ರೆ ನುಂಗಿಸಿ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಮ್ಮ ದೇಶದ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ೨೦೦೪ರಿಂದ ಎಚ್.ಐ.ವಿ. ಚಿಕಿತ್ಸೆಯು ಉಚಿತವಾಗಿ ದೊರೆಯುತ್ತಿದೆ. ಲಜ್ಜೆಯಿಂದ ರೋಗವನ್ನು ಮುಚ್ಚಿಡದಿರಿ. ಪತಿಪತ್ನಿಯರು ಜೊತೆಯಾಗಿಯೇ ಅಲ್ಲಿಗೆ ಹೋಗಿ ಈ ಪರೀಕ್ಷೆಯ ವಿಷಯವನ್ನು ವಿಚಾರಿಸಿರಿ.