ಕಿಡ್ನಿ ಕಸಿಯಾದವರು ಹಕೀಮರ ಬಳಿ ಬರುವ ಮುನ್ನ

ಇತ್ತೀಚೆಗೆ ಬೇಲೂರು ಕಡೆಯ ಯುವಕನೊಬ್ಬ ತಾಯಿಯೊಂದಿಗೆ ಅರಸೀಕೆರೆಯ ನನ್ನ ದವಾಖಾನೆಗೆ ಬಂದಿದ್ದ. ಎರಡು ವರ್ಷಗಳ ಹಿಂದೆ ತಾಯಿಯೇ ಅವನಿಗೆ ತಮ್ಮ ಕಿಡ್ನಿ ಕೊಟ್ಟಿದ್ದರು. "ಈಗ ಚೆನ್ನಾಗಿದ್ದಾನೆ ಹಕೀಂ ಸಾಬ್, ಆ ಮಾತ್ರೆಗಳನ್ನು ಬಿಡಿಸಿ ಶಕ್ತಿಗೆ ಒಂದು ಮಜೂನು ಕೊಡಿ" ಎಂದರು. ನಾನು ಕೊಡಲಿಲ್ಲ. ಹಳೇಬೀಡಿನಿಂದಲೂ ಇಂಥದೇ ಬೇಡಿಕೆ ಹೊತ್ತು ಬರುವವರಿದ್ದಾರೆ, ಆದ್ದರಿಂದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ದೇಹವನ್ನು ಕಾಯುವ ಶಕ್ತಿಯನ್ನು ಯುನಾನಿಯಲ್ಲಿ ತಬಿಯತ್ ಎನ್ನುತ್ತೇವೆ. ರೋಗಾಣುವನ್ನು ಹೊರಗಟ್ಟುವ ಆ ಶಕ್ತಿಗೆ ತಾಯಿ ಕೊಟ್ಟ ಕಿಡ್ನಿಯೂ ಪರಕೀಯವೇ. ಪ್ರೀತಿ, ರಕ್ತಸಂಬಂಧ ಅದಕ್ಕೆ ತಿಳಿಯದು. 1954ರಲ್ಲಿ ಬಾಸ್ಟನ್‌ನಲ್ಲಿ ಕಿಡ್ನಿ ಕಸಿ ಮೊದಲು ಯಶಸ್ವಿಯಾದದ್ದು ತದ್ರೂಪಿ ಅವಳಿಗಳ ನಡುವೆ. ಉಳಿದವರಿಗೆಲ್ಲ ಈ ಕಾವಲನ್ನು ತಗ್ಗಿಸುವ ಔಷಧಿ ಬೇಕು. ಇಂದು ಹೆಚ್ಚಾಗಿ ಕೊಡುವ ಟ್ಯಾಕ್ರೋಲಿಮಸ್ 1984ರಲ್ಲಿ ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಲ್ಲಿ ಸಿಕ್ಕಿದ್ದು. ಜೊತೆಗೆ ಮೈಕೊಫೆನೊಲೇಟ್, ಸ್ಟೀರಾಯ್ಡ್ ಮಾತ್ರೆಗಳೂ ಇರುತ್ತವೆ. ಕಿಡ್ನಿ ಕೆಲಸ ಮಾಡುವವರೆಗೂ ಇವು ಬೇಕು. ಬಿಟ್ಟರೆ ನೋವಿಲ್ಲದೆಯೇ ತಿರಸ್ಕಾರ ಶುರುವಾಗಬಹುದು, ಎಷ್ಟೋ ಸಲ ರಕ್ತದಲ್ಲಿ ಕ್ರಿಯಾಟಿನಿನ್ ಏರಿದಾಗಲೇ ಅದು ಗೊತ್ತಾಗುವುದು. ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಜ್ವರ ಬಂದರೆ, ಕಸಿಯಾದ ಜಾಗ ನೋಯ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನು ನಮ್ಮ ಔಷಧಿಗಳ ವಿಷಯ. ಅಸ್ಗಂಧ್, ಗಿಲೋಯ್ ಅಂದರೆ ಅಮೃತಬಳ್ಳಿ, ಕಲೌಂಜಿ ಇವನ್ನು ಜನ ತಿನ್ನುವುದೇ ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು. ಮಾತ್ರೆ ತಗ್ಗಿಸುತ್ತಿರುವುದು ಅದನ್ನೇ! ಕುಷ್ತಾಗಳಲ್ಲಿ ಲೋಹಗಳಿರುತ್ತವೆ, ಒಂದೇ ಕಿಡ್ನಿಯನ್ನು ನಂಬಿ ಬದುಕುವವರಿಗೆ ಅವು ಬೇಡವೇ ಬೇಡ. ಇದು ನನ್ನ ವೈದ್ಯಪದ್ಧತಿಗೆ ಅವಮಾನವೆಂದು ನನಗೆ ಅನ್ನಿಸುವುದಿಲ್ಲ. ಅಡುಗೆಗೆ ಹಾಕುವ ಅರಿಶಿನಕ್ಕೆ ಹೆದರಬೇಕಿಲ್ಲ, ಅದನ್ನೇ ಚಮಚಗಟ್ಟಲೆ ಔಷಧಿಯಾಗಿ ನುಂಗಬೇಡಿ. ಚಕ್ಕೋತ ಹಣ್ಣು ಟ್ಯಾಕ್ರೋಲಿಮಸ್ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು, ಅದನ್ನು ಬಿಡಿ. ನಮ್ಮ ಅರಸೀಕೆರೆಯ ಎಳನೀರಿನ ಬಗ್ಗೆಯೂ ಕೇಳಿಕೊಳ್ಳಿ: ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಈ ಮಾತ್ರೆಯೂ ಪೊಟ್ಯಾಸಿಯಂ ಏರಿಸುತ್ತದೆ.

ರಮಝಾನ್‌ನಲ್ಲಿ ತೊಡಕು ಬೇರೆ. ಟ್ಯಾಕ್ರೋಲಿಮಸ್ ಸಾಮಾನ್ಯವಾಗಿ 12 ಗಂಟೆಗೊಮ್ಮೆ. ಸಹರಿಯಿಂದ ಇಫ್ತಾರ್‌ಗೆ ನಮ್ಮಲ್ಲಿ ಸುಮಾರು 13 ಗಂಟೆ, ಮೇಲೆ ದಿನವಿಡೀ ನೀರಿಲ್ಲ. ಕಸಿಯಾದ ಮೊದಲ ವರ್ಷ ಉಪವಾಸ ಬೇಡವೆಂದೇ ವೈದ್ಯರು ಹೇಳುತ್ತಾರೆ. ಆಮೇಲೂ ಕಿಡ್ನಿ ಸ್ಥಿರವಾಗಿದ್ದವರು ಮಾತ್ರ, ತಿಂಗಳುಗಳ ಮುಂಚೆಯೇ ತಮ್ಮ ನೆಫ್ರಾಲಜಿಸ್ಟರನ್ನು ಕೇಳಿ ನಿರ್ಧರಿಸಬೇಕು. ಕೆಲವರಿಗೆ ದಿನಕ್ಕೊಮ್ಮೆ ನುಂಗುವ ಬಗೆಯ ಮಾತ್ರೆಗೆ ಬದಲಾಯಿಸುವುದುಂಟು. ರೋಗಿಗೆ ಪವಿತ್ರ ಕುರ್‌ಆನ್‌ನಲ್ಲೇ ರಿಯಾಯಿತಿ ಇದೆ, ಫಿದ್ಯಾದ ಬಗ್ಗೆ ಆಲಿಮರನ್ನು ಕೇಳಿ.

ಬೆಂಗಳೂರಿಗೆ ತಪಾಸಣೆಗೆಂದು ಬೆಳಗಿನ ರೈಲು ಹತ್ತುವವರಿಗೆ ಒಂದು ಮಾತು. ಟ್ಯಾಕ್ರೋಲಿಮಸ್ ಪ್ರಮಾಣ ಅಳೆಯುವ ರಕ್ತವನ್ನು ಬೆಳಗಿನ ಮಾತ್ರೆಗೆ ಮೊದಲೇ ಕೊಡಬೇಕು. ಮಾತ್ರೆಯನ್ನು ಮನೆಯಲ್ಲಿ ನುಂಗಿ ಹೊರಟರೆ ವರದಿ ತಪ್ಪಾಗುತ್ತದೆ. ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಕೂಡಲೇ ತೆಗೆದುಕೊಳ್ಳಿ. ಸಣ್ಣ ಊರಿನ ಅಂಗಡಿಗಳಲ್ಲಿ ಇದು ಕೇಳಿದೊಡನೆ ಸಿಗದಿರಬಹುದು, ಎರಡು ವಾರಕ್ಕಾಗುವಷ್ಟು ಸದಾ ಮನೆಯಲ್ಲಿರಲಿ. ಅಂಗಡಿಯವರು ಬೇರೆ ಕಂಪನಿಯದನ್ನು ಕೊಟ್ಟರೆ ವೈದ್ಯರಿಗೆ ಫೋನ್ ಮಾಡದೆ ನುಂಗಬೇಡಿ.