ನಾಲ್ಕನೇ ಮಜಲೆಗೆ ಮುಧೋಳ ನಾಯಿ ಹತ್ತೀತೇ?

ಹುಬ್ಬಳ್ಳಿಯಲ್ಲಿ ಮನೆ ಎಂದರೆ ಒಂದು ಕಾಲಕ್ಕೆ ಮುಂದೆ ಕಟ್ಟೆ, ಹಿಂದೆ ಹಿತ್ತಲು, ಹಿತ್ತಲಿನಲ್ಲೊಂದು ನಾಯಿ. ನಾಯಿಗೆ ಹೆಸರಿದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಉಳಿದ ರೊಟ್ಟಿ, ಸಾರಿನ ತಳ ಹಾಕಿದರೆ ಮುಗಿಯಿತು. ರಾತ್ರಿ ತನ್ನ ಪಾಳಿ ತಾನು ಮಾಡುತ್ತಿತ್ತು. ಈಗ ಕೇಶ್ವಾಪುರ, ವಿದ್ಯಾನಗರ, ಗೋಕುಲ ರೋಡಿನ ಕಡೆ ಕಟ್ಟೆ ಹೋಯಿತು, ಹಿತ್ತಲು ಹೋಯಿತು, ಅದೇ ಜಾಗದಲ್ಲಿ ಐದು ಮಜಲೆಯ ಅಪಾರ್ಟಮೆಂಟು ಎದ್ದಿತು. ಮನೆ ಎರಡು ಖೋಲಿ, ಒಂದು ಬಾಲ್ಕನಿಗೆ ಇಳಿಯಿತು. ನಾಯಿ ಸಾಕುವ ಆಸೆ ಮಾತ್ರ ಇಳಿದಿಲ್ಲ.

“ಫ್ಲ್ಯಾಟಿಗೆ ಯಾವ ಜಾತಿ ನಾಯಿ ಚಲೋ ರೀ?” ಎಂಬ ಪ್ರಶ್ನೆ ದನದ ದವಾಖಾನಿಯಲ್ಲಿ ಕೇಳಿಬರುತ್ತದೆ, ಕಿರಾಣಿ ಅಂಗಡಿಯ ಕಟ್ಟೆಯ ಮೇಲೂ ಕೇಳಿಬರುತ್ತದೆ. ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಈ ಮಾತು ತೆಗೆದರಂತೂ ನವನಗರ ದಾಟುವುದರೊಳಗೆ ನಾಲ್ಕು ಮಂದಿ ನಾಲ್ಕು ಜಾತಿ ಹೇಳಿರುತ್ತಾರೆ. ಒಬ್ಬರಿಗೆ ಪಗ್, ಒಬ್ಬರಿಗೆ ಲ್ಯಾಬ್ರಡಾರ್. ಇನ್ನೊಬ್ಬರು ಮೊಬೈಲು ತೆಗೆದು ನೀಲಿ ಕಣ್ಣಿನ ಹಸ್ಕಿಯ ಫೋಟೊ ತೋರಿಸುತ್ತಾರೆ. ಹಿಂದಿನ ಸೀಟಿನ ಹಿರಿಯರು, “ನಮ್ಮ ಮುಧೋಳ ನಾಯಿ ಬಿಟ್ಟು ಅವನ್ಯಾಕ ತರ್ತೀರಿ?” ಎಂದು ಗದರುತ್ತಾರೆ.

ಯಾರೂ ಕೇಳದ ಪ್ರಶ್ನೆಯೊಂದು ಉಳಿದೇ ಹೋಗುತ್ತದೆ. ದಿನಕ್ಕೆ ಎಷ್ಟು ತಾಸು ಆ ಮನೆಯಲ್ಲಿ ಮನುಷ್ಯರು ಇರುತ್ತಾರೆ? ಅಂಗಡಿಕಾರ ಮುಂಜಾನೆ ಒಂಬತ್ತಕ್ಕೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ ಹತ್ತಕ್ಕೆ. ಹೆಂಡತಿ ನೌಕರಿ, ಮಕ್ಕಳು ಸಾಲಿ, ಸಾಲಿ ಬಿಟ್ಟ ಮೇಲೆ ಟ್ಯೂಶನ್. ಎರಡು ತಿಂಗಳ ಕುನ್ನಿಗೆ ಎರಡು-ಮೂರು ತಾಸಿಗೊಮ್ಮೆ ಉಚ್ಚೆಗೆ ಹೋಗಬೇಕು. ಬೆಳೆದ ನಾಯಿಗೂ ದಿನಕ್ಕೆ ಮೂರು ಸಲವಾದರೂ ಕೆಳಗಿಳಿಯಬೇಕು. ಲಿಫ್ಟು ಕೆಟ್ಟ ದಿನ ನಾಲ್ಕು ಮಜಲೆ ಇಳಿದು ಹತ್ತುವವರು ಯಾರು? ನಾಯಿಯ ಆಯುಷ್ಯ ಹತ್ತು-ಹನ್ನೆರಡು ವರ್ಷ. ಐದನೇ ಇಯತ್ತೆಯ ಮಗಳು ಹಟ ಮಾಡಿ ತರಿಸಿದ ಕುನ್ನಿ, ಅವಳು ಕಾಲೇಜು ಮುಗಿಸುವವರೆಗೂ ಇರುತ್ತದೆ. ಈ ಲೆಕ್ಕ ಹಾಕದೆ ಬರೀ ಜಾತಿ ಹುಡುಕುವುದು, ಗಿರಾಕಿ ಇದ್ದಾರೋ ಇಲ್ಲವೋ ನೋಡದೆ ಅಂಗಡಿಗೆ ಬಣ್ಣ ಬಳಿದಂತೆ.

ಸಣ್ಣ ನಾಯಿ, ದೊಡ್ಡ ಗದ್ದಲ

ಸಣ್ಣ ಮನೆಗೆ ಸಣ್ಣ ನಾಯಿ ಎಂಬುದು ಜನರ ಲೆಕ್ಕ. ಇದು ಅರ್ಧ ಸರಿ, ಅರ್ಧ ತಪ್ಪು. ಅಪಾರ್ಟಮೆಂಟಿನಲ್ಲಿ ಜಗಳ ಹುಟ್ಟುವುದು ನಾಯಿಯ ಅಳತೆಯಿಂದಲ್ಲ, ಅದರ ಬಾಯಿಯಿಂದ. ಗೋಡೆ ಒಂದೇ, ಕಿವಿ ಎರಡು ಮನೆಯವು. ನಮ್ಮಲ್ಲಿ “ಪಮೇರಿಯನ್” ಎಂದು ಮಾರಾಟವಾಗುವ ಬಿಳಿ ಕೂದಲಿನ ನಾಯಿ ಬಹುತೇಕ ಇಂಡಿಯನ್ ಸ್ಪಿಟ್ಜ್. 1994ರ ‘ಹಮ್ ಆಪ್ಕೆ ಹೈ ಕೌನ್’ ಸಿನೆಮಾದ ಟಫಿ ಇದೇ ತಳಿ. ನಮ್ಮ ಬಿಸಿಲು ತಡೆಯುತ್ತದೆ, ಕೊಟ್ಟದ್ದು ತಿನ್ನುತ್ತದೆ, ಜಾಣ. ಆದರೆ ಹಾಲಿನವ ಬಂದರೆ ಒದರುತ್ತದೆ, ಪೇಪರಿನವ ಬಂದರೆ ಒದರುತ್ತದೆ, ಯಾರೂ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಒದರುತ್ತದೆ. ಚಿಕ್ಕಂದಿನಲ್ಲೇ ಕಲಿಸದಿದ್ದರೆ ಬಾಜೂ ಮನೆಯವರ ಜತೆ ಮಾತು ಬಿಟ್ಟಂತೆಯೇ.

ಪಗ್ಗಿನ ಕತೆ ಬೇರೆ. 2003ರಲ್ಲಿ ಹಚ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಬೆನ್ನು ಹತ್ತಿ ಓಡಿದ್ದೇ ಓಡಿದ್ದು, ದೇಶಕ್ಕೆ ದೇಶವೇ ಆ ಸೊಟ್ಟ ಮೋತಿಗೆ ಮರುಳಾಯಿತು. ತೂಕ ಆರರಿಂದ ಎಂಟು ಕಿಲೋ, ಬೊಗಳುವುದು ಕಡಿಮೆ, ಮಕ್ಕಳ ಮೇಲೆ ಪ್ರೀತಿ. ಫ್ಲ್ಯಾಟಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಮನುಷ್ಯರ ಚೆಂದಕ್ಕಾಗಿ ತಲೆಮಾರುಗಟ್ಟಲೆ ಮೂಗು ಒಳಗೆ ಹೋಗುವಂತೆ ಬೆಳೆಸಿದ ತಳಿ ಅದು. ನಾಯಿ ಮೈಯ ಕಾವು ಇಳಿಸಿಕೊಳ್ಳುವುದು ತೇಕಿನಿಂದ. ಮೂಗೇ ಇಲ್ಲದ ನಾಯಿ ತೇಕುವುದು ಹೇಗೆ? ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ, ಕರೆಂಟು ಹೋದ ಖೋಲಿಯಲ್ಲಿ ಪಗ್ಗಿನ ಉಸಿರು ಕೇಳಿದವರಿಗೆ ಆ ಜಾಹೀರಾತು ಮತ್ತೆ ಚೆಂದ ಕಾಣಲಿಕ್ಕಿಲ್ಲ. ತಂದವರು ತಂದಾಯಿತು. ಬಿಸಿಲೊತ್ತಿನಲ್ಲಿ ತಿರುಗಾಡಿಸಬಾರದು, ಮೈ ಬೆಳೆಯಗೊಡಬಾರದು. ಮುಖದ ಸುಕ್ಕುಗಳ ಸಂದಿ ಒರೆಸಿ ಒಣಗಿಡಬೇಕು.

ಶಿಟ್ಸು ಮತ್ತು ಲ್ಹಾಸಾ ಆಪ್ಸೊ ನೋಡಲು ಅಣ್ಣತಮ್ಮಂದಿರಂತೆ, ಗುಣ ಬೇರೆ. ಶಿಟ್ಸು ಚೀನಾದ ಅರಮನೆಯಲ್ಲಿ ತೊಡೆಯ ಮೇಲೆ ಬೆಳೆದ ತಳಿ. ಒದರುವುದು ಕಡಿಮೆ. ಲ್ಹಾಸಾ ಟಿಬೆಟಿನ ಮಠಗಳಲ್ಲಿ ಬಾಗಿಲು ಕಾದ ತಳಿ. ತೂಕ ಏಳು ಕಿಲೋ ಇದ್ದರೂ ಪೊಲೀಸ್ ಪಾಟೀಲನ ಠೀವಿ. ಎರಡಕ್ಕೂ ದಿನಾ ಬಾಚಣಿಗೆ ಬೇಕು, ಇಲ್ಲವೆಂದರೆ ಕೂದಲು ಜಡೆಗಟ್ಟುತ್ತದೆ. ಕೂದಲು ಕತ್ತರಿಸುವ ಖರ್ಚು ಮನೆ ಯಜಮಾನನ ಕಟಿಂಗಿಗಿಂತ ಹೆಚ್ಚು. ಉದ್ದ ಮೈಯ, ಗಿಡ್ಡ ಕಾಲಿನ ಡ್ಯಾಶೌಂಡಿಗೆ ಪಾವಟಿಗೆ ಹತ್ತಿಳಿಯುವುದೇ ಬೆನ್ನುಹುರಿಗೆ ಕುತ್ತು. ಲಿಫ್ಟಿಲ್ಲದ ಕಟ್ಟಡಕ್ಕೆ ಅದನ್ನು ತರಬಾರದು. ಬೀಗಲ್ ಸಣ್ಣದು, ಸಾಧು. ಆದರೆ ಮೊಲದ ವಾಸನೆ ಹಿಡಿದು ಊಳಿಡಲೆಂದೇ ಬೆಳೆಸಿದ ಬೇಟೆ ನಾಯಿ. ಒಂಟಿಯಾಗಿ ಬಿಟ್ಟು ಹೋದರೆ ಇಡೀ ಮಜಲೆಗೆ ಕೇಳಿಸುತ್ತದೆ.

2022ರಲ್ಲಿ ‘777 ಚಾರ್ಲಿ’ ಬಂದ ಮೇಲೆ ಲ್ಯಾಬ್ರಡಾರ್ ಬೇಕೆನ್ನುವ ಮಕ್ಕಳಿಗೆ ಲೆಕ್ಕವಿಲ್ಲ. ಒಳ್ಳೆಯ ನಾಯಿ, ಸಂಶಯವಿಲ್ಲ. ದೊಡ್ಡದಾದರೂ ಎರಡು-ಮೂರು ವರ್ಷ ಕಳೆದ ಮೇಲೆ ಶಾಂತ. ಅಷ್ಟರೊಳಗೆ ಮಾತ್ರ ಸೋಫಾ, ಚಪ್ಪಲಿ, ಗ್ಯಾಸಿನ ಪುಸ್ತಕ ಎಲ್ಲ ಅದರ ಪಾಲು. ಮೂವತ್ತು ಕಿಲೋ ತೂಕ, ವರ್ಷವಿಡೀ ಉದುರುವ ಕೂದಲು, ತುಂಬದ ಹೊಟ್ಟೆ. ದಿನಕ್ಕೆ ಒಂದು ತಾಸಾದರೂ ನಡೆಸದಿದ್ದರೆ ಗೋಣಿಚೀಲದಂತೆ ಉಬ್ಬಿ ಕಾಲು ಸೋಲುತ್ತದೆ. ಆ ಸಿನೆಮಾ ನೋಡಿ ಅತ್ತವರು, ಚಾರ್ಲಿಗೆ ರೋಗ ಬಂದದ್ದು ಯಾಕೆ ಎಂಬುದನ್ನೂ ನೆನಪಿಡುವುದು ಒಳ್ಳೆಯದು. ರೊಕ್ಕದ ಆಸೆಗೆ ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ಮಾಡಿಸುವ ದಂಧೆಯೇ ಆ ಕತೆಯ ಬುಡ.

ಹಸ್ಕಿಯ ವಿಷಯಕ್ಕೆ ಹೆಚ್ಚು ಮಾತು ಬೇಡ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಹುಟ್ಟಿದ, ಎರಡು ಪದರದ ಕೂದಲಿನ ಪ್ರಾಣಿ ಅದು. ಅದನ್ನು ತಂದು ಬಯಲುಸೀಮೆಯ ಬಾಲ್ಕನಿಯಲ್ಲಿ ಕಟ್ಟುವುದು ಷೋಕಿಯೂ ಅಲ್ಲ, ಹಿಂಸೆ.

ಮುಧೋಳದ ಅಭಿಮಾನ

ಬಸ್ಸಿನ ಹಿಂದಿನ ಸೀಟಿನ ಹಿರಿಯರ ಮಾತಿಗೆ ಬರೋಣ. ಮುಧೋಳ ನಾಯಿ ನಮ್ಮ ನೆಲದ್ದು. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಬೇಟೆಗಾರರ ಹಟ್ಟಿಗಳಲ್ಲಿದ್ದ ಈ ತಳಿಯನ್ನು ಹುಡುಕಿ ಪೋಷಿಸಿದರು, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಐದು ರೂಪಾಯಿ ಚೀಟಿ ತಂದಿತು. 2016ರಲ್ಲಿ ಸೈನ್ಯದವರು ಮೀರತ್ತಿಗೆ ಒಯ್ದು ತರಬೇತಿ ಕೊಡಲು ಸುರು ಮಾಡಿದರು. 2020ರ ಆಗಸ್ಟಿನಲ್ಲಿ ಪ್ರಧಾನಿಯವರ ರೇಡಿಯೋ ಭಾಷಣದಲ್ಲಿ ಇದರ ಹೆಸರು ಬಂದ ಮೇಲೆ ಬೇಡಿಕೆ ಇನ್ನೂ ಏರಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಈ ನಾಯಿ ಸಾಕಿಯೇ ಹೊಟ್ಟೆ ಹೊರೆಯುವ ಕುಟುಂಬಗಳಿವೆ.

ಇಷ್ಟೆಲ್ಲ ಸರಿ. ಅದು ಫ್ಲ್ಯಾಟಿನ ನಾಯಿಯೇ?

ದುರ್ಗದಬೈಲ ಕಡೆಯ ಬಟ್ಟೆ ಅಂಗಡಿಯ ಸಾವಕಾರರೊಬ್ಬರು ಅಭಿಮಾನದಿಂದ ಒಂದು ಮುಧೋಳ ಕುನ್ನಿ ತಂದರು. ಮನೆ ನಾಲ್ಕನೇ ಮಜಲೆ. ಮೊದಲ ನಾಲ್ಕು ತಿಂಗಳು ಮನೆಯವರೆಲ್ಲ ಅದರ ಹಿಂದೆ. ಬಂದವರಿಗೆಲ್ಲ “ರಾಜರ ನಾಯಿ ನೋಡ್ರಿ” ಎಂದು ತೋರಿಸಿದ್ದೇ ತೋರಿಸಿದ್ದು. ದೀಪಾವಳಿ ಸೀಜನ್ ಬಂತು, ಸಾವಕಾರರಿಗೆ ಅಂಗಡಿ ಬಿಟ್ಟು ಬರಲು ಪುರುಸೊತ್ತಿಲ್ಲ. ನಾಯಿ ಬಾಲ್ಕನಿ ಸೇರಿತು. ಎತ್ತರ ಎರಡು ಅಡಿ ದಾಟಿತ್ತು. ಕಾಲು ಚಾಚಲು ಜಾಗವಿಲ್ಲ, ಸರಪಳಿ ಬೇರೆ. ಒಂದು ಸಂಜೆ ಬಾಗಿಲು ತೆರೆದದ್ದೇ ತಡ, ಪಾವಟಿಗೆ ಹಾರಿ ಕೆಳಗಿಳಿದು ಪಾರ್ಕಿಂಗಿನಲ್ಲಿ ಸೈಕಲ್ ಹೊಡೆಯುತ್ತಿದ್ದ ಹುಡುಗನ ಬೆನ್ನು ಹತ್ತಿತು. ಕಚ್ಚಲಿಲ್ಲ. ಹುಡುಗ ಬಿದ್ದು ಮೊಣಕೈ ಮುರಿಯಿತು. ಮರುದಿನ ಕಮಿಟಿ ಮೀಟಿಂಗು. “ನಾಯಿ ಇರಬೇಕು ಇಲ್ಲಾ ನಾವಿರಬೇಕು” ಎಂದು ಹುಡುಗನ ತಂದೆ. ಪ್ಲಾಸ್ಟರಿನ ಖರ್ಚು ಕೊಟ್ಟ ಸಾವಕಾರರು ಎರಡು ವಾರ ಬಿಟ್ಟು ನಾಯಿಯನ್ನು ನವಲಗುಂದದ ಕಡೆಯ ಬೀಗರ ಹೊಲಕ್ಕೆ ಸಾಗಿಸಿದರು. ಅಲ್ಲಿ ಅದು ಆರಾಮ ಇದೆಯಂತೆ. ಮನೆಯಲ್ಲಿ ಮಗಳು ಮಾತ್ರ ಅಪ್ಪನ ಜತೆ ಸರಿಯಾಗಿ ಮಾತಾಡುತ್ತಿಲ್ಲವಂತೆ.

ಇದರಲ್ಲಿ ನಾಯಿಯ ತಪ್ಪೇನು? ಮುಧೋಳದ್ದು ಮೂಗಿನ ನಾಯಿಯಲ್ಲ, ಕಣ್ಣಿನ ನಾಯಿ. ದೂರದಲ್ಲಿ ಮೊಲ ಅಲುಗಿದ್ದು ಕಂಡರೆ ಬಾಣದಂತೆ ಬಿಡಬೇಕು, ಅದಕ್ಕೇ ಅದರ ಕಾಲು ಉದ್ದ, ಎದೆ ಆಳ, ಹೊಟ್ಟೆ ಬೆನ್ನಿಗಂಟಿದ್ದು. ಓಡುವ ಹುಡುಗ, ಹೊರಳುವ ಸೈಕಲ್ಲು, ಬೆಕ್ಕು ಎಲ್ಲವೂ ಆ ಕಣ್ಣಿಗೆ ಬೇಟೆಯೇ. ಪರಕೀಯರು ಮೈ ಮುಟ್ಟಿದರೆ ಸೇರುವುದಿಲ್ಲ. ವಿಚಿತ್ರವೆಂದರೆ, ಮನಸಾರೆ ಓಡಿ ಬಂದ ದಿನ ಇಂಥ ಶಾಂತ ನಾಯಿ ಮತ್ತೊಂದಿಲ್ಲ. ಉಳಿದ ಹೊತ್ತೆಲ್ಲ ಮೂಲೆಯಲ್ಲಿ ಕಾಲು ಮಡಚಿ ಮಲಗಿಬಿಡುತ್ತದೆ, ಸುಮ್ಮಸುಮ್ಮನೆ ಒದರುವುದಿಲ್ಲ, ಕೂದಲಿನ ಕಾಟವಿಲ್ಲ, ಬಿಸಿಲಿಗೆ ಹೆದರುವುದಿಲ್ಲ. ಹಾಗಾಗಿ ನಸುಕಿನ ಐದೂವರೆಗೆ ಎದ್ದು, ಬೇಲಿಯಿರುವ ಬಯಲಿನಲ್ಲಿ ದಿನಾ ಓಡಿಸುವ ಗಟ್ಟಿ ಮನುಷ್ಯ ಮನೆಯಲ್ಲಿದ್ದರೆ ಮಾತ್ರ ತರಬಹುದು. ಭಾನುವಾರ ಮಾತ್ರ ಓಡಿಸುತ್ತೇನೆ ಎನ್ನುವವರು ಅಂಚೆ ಚೀಟಿ ಕೊಂಡು ತೃಪ್ತಿಪಡಲಿ.

ಬೀದಿಯ ಕುನ್ನಿ ಯಾಕಾಗಬಾರದು?

ದವಾಖಾನಿಯ ಡಾಕ್ಟರರನ್ನು ಗುಟ್ಟಾಗಿ ಕೇಳಿದರೆ ಅನೇಕರು ಹೇಳುವುದು ಬೀದಿ ನಾಯಿಯ ಹೆಸರನ್ನೇ. ಹದಿನೈದು-ಇಪ್ಪತ್ತು ಕಿಲೋ ತೂಕ, ಗಿಡ್ಡ ಕೂದಲು, ನಮ್ಮ ಹವೆಗೆ ಪಳಗಿದ ಮೈ, ವಂಶದ ರೋಗಗಳ ಕಾಟ ಕಡಿಮೆ. ಎರಡು ತಿಂಗಳ ಕುನ್ನಿ ತಂದು ಸೂಜಿ ಹಾಕಿಸಿ ಸಾಕಿದರೆ ಮನುಷ್ಯರ ಮುಖ ನೋಡಿ ಮನಸ್ಸು ಅರಿಯುವ ಜಾಣತನ ಅದಕ್ಕುಂಟು. ಆದರೆ “ಬೀದಿ ನಾಯಿ ಸಾಕ್ಯಾರ” ಎಂದು ಮಂದಿ ನಕ್ಕಾರು ಎಂಬ ಅಂಜಿಕೆ. ಜಾತಿ ನೋಡುವ ರೂಢಿ ನಮ್ಮನ್ನು ಎಲ್ಲಿಯವರೆಗೆ ಬೆನ್ನು ಹತ್ತಿದೆ ನೋಡಿ.

ರೊಕ್ಕ ಕೊಟ್ಟೇ ತರುವುದಾದರೆ ಕೆಲವು ಮಾತು. 2017ರ ಕೇಂದ್ರ ನಿಯಮದಂತೆ ನಾಯಿ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ತಾಯಿಯನ್ನು ತೋರಿಸಿ ಎಂದು ಕೇಳಬೇಕು. ತೋರಿಸಲು ಒಲ್ಲೆನೆಂದು ಬಸ್ ಸ್ಟ್ಯಾಂಡಿನ ಬಳಿ ರಟ್ಟಿನ ಡಬ್ಬಿಯಲ್ಲಿ ಕುನ್ನಿ ತಂದುಕೊಡುವವನಿಂದ ಕೊಳ್ಳಲೇಬಾರದು. ಪಾರ್ವೊ ಮತ್ತು ಡಿಸ್ಟೆಂಪರ್ ಸೂಜಿ ಆರರಿಂದ ಎಂಟು ವಾರಕ್ಕೆ ಸುರು, ರೇಬೀಸ್ ಸೂಜಿ ಮೂರು ತಿಂಗಳಿಗೆ, ನಂತರ ಡಾಕ್ಟರರು ಬರೆದ ತಾರೀಖಿಗೆ ತಪ್ಪದೆ. ಸೆಪ್ಟೆಂಬರ್ 28ರ ರೇಬೀಸ್ ದಿನದ ಆಸುಪಾಸು ಸರಕಾರಿ ದವಾಖಾನಿಗಳಲ್ಲಿ ಪುಕ್ಕಟೆ ಹಾಕುವ ಪದ್ಧತಿಯೂ ಇದೆ.

ಇನ್ನು ಕಮಿಟಿಯವರ ಮಾತು. “ನಮ್ಮ ಕಟ್ಟಡದಾಗ ನಾಯಿ ಇಲ್ಲ” ಎಂದು ಬೋರ್ಡು ಹಾಕಿ ಕೂತವರಿದ್ದಾರೆ. 2015ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಬಹುಮತದ ಠರಾವು ಮಾಡಿದರೂ ಸಾಕು ನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟು ಬಂದ್ ಮಾಡುವಂತಿಲ್ಲ, ನಾಯಿಯ ಅಳತೆ ನೋಡಿ ಬೇಡ ಎನ್ನುವಂತಿಲ್ಲ. 2024ರ ಮಾರ್ಚಿನಲ್ಲಿ ಕೇಂದ್ರದ ಪಶುಸಂಗೋಪನೆ ಇಲಾಖೆ 23 “ಉಗ್ರ” ತಳಿಗಳಿಗೆ ತಡೆ ಹಾಕಿ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದೆಂದು ಕರ್ನಾಟಕ ಹೈಕೋರ್ಟು ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಇಷ್ಟಕ್ಕೆ ನಾಯಿಯವರು ಮೀಸೆ ತಿರುವಬೇಕಿಲ್ಲ. ಸಾಕಿದ ಪ್ರಾಣಿಯಿಂದ ಮಂದಿಗೆ ಅಪಾಯವಾಗದಂತೆ ಜಾಗ್ರತೆ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ.

ಕಾಯ್ದೆ ಪುಸ್ತಕ ತೆರೆಯುವ ಮೊದಲು ಮಾಡಬಹುದಾದ ಕೆಲಸ ಬೇಕಾದಷ್ಟಿವೆ. ಲಿಫ್ಟಿನಲ್ಲಿ ಮುದುಕರು, ಮಕ್ಕಳು ಇದ್ದರೆ ಅವರನ್ನು ಬಿಟ್ಟು ಮುಂದಿನ ಸುತ್ತಿಗೆ ನಾಯಿ ಹತ್ತಿಸಬೇಕು. ಹಗ್ಗವಿಲ್ಲದೆ ಬಾಗಿಲು ದಾಟಿಸಬಾರದು. ಕುನ್ನಿ ತರುವ ಮೊದಲೇ ಬಾಜೂ ಮನೆಯವರಿಗೆ ಒಂದು ಮಾತು ಹೇಳಬೇಕು. ಕೆಳಗಿಳಿಸಿದಾಗ ನಾಯಿ ಮಾಡಿದ ಹೊಲಸನ್ನು ಸಾಕಿದವರೇ ಎತ್ತಬೇಕು, ವಾಚ್‌ಮನ್ ಅಲ್ಲ. ಅದಕ್ಕೆ ಕೈಯಲ್ಲಿ ಹಳೆ ಪೇಪರು ಇದ್ದರೆ ಸಾಕು. ಸಂಜೆ ಓದಿ ಮುಗಿಸಿದ ಈ ಪತ್ರಿಕೆಯೂ ಮರುದಿನ ನಸುಕಿನಲ್ಲಿ ಆ ಕೆಲಸಕ್ಕೆ ನಡೆದೀತು.